ನೀರು ಕೇಳುವವಳನ್ನು ಹುಟ್ಟಿಸಿದವರು

ದೆವ್ವದ ಕತೆ ಬರೆಯುವವರು ದೀಪ ಸಣ್ಣ ಮಾಡಿಕೊಂಡು ಕತ್ತಲಲ್ಲಿ ಕೂರುತ್ತಾರೆ ಎಂದು ಒಂದು ಕಾಲಕ್ಕೆ ನಾನೂ ನಂಬಿದ್ದೆ. ನಮ್ಮ ಕಾಕಾ ಬರೆಯುತ್ತಿದ್ದುದು ಮಟಮಟ ಮಧ್ಯಾಹ್ನ, ರೋಣದ ಬಸ್‌ಸ್ಟ್ಯಾಂಡ್ ಹತ್ತಿರದ ನನ್ನ ಡಿಟಿಪಿ ಅಂಗಡಿಯಲ್ಲಿ, ಫ್ಯಾನಿನ ಕೆಳಗೆ, ಎಡಗೈಯಲ್ಲಿ ಮಿರ್ಚಿ ಹಿಡಿದುಕೊಂಡು. ಮಿರ್ಚಿಯ ಎಣ್ಣೆ ಹಾಳೆಗೆ ಹತ್ತಿ, ಟೈಪ್ ಮಾಡಲು ಕೂತರೆ ಅರ್ಧ ಅಕ್ಷರ ಕಾಣುತ್ತಿರಲಿಲ್ಲ. "ಇಲ್ಲೇನ್ ಬರದೀರಿ ಕಾಕಾ, ಬರೇ ಎಣ್ಣಿ ಕಾಣಾಕತ್ತೈತಿ" ಎಂದರೆ, "ಅಲ್ಲಿ ಮಂದಿ ಅಂಜಬೇಕು, ನೀನ ಏನರ ಹಾಕು" ಎಂದು ಇನ್ನೊಂದು ಮಿರ್ಚಿಗೆ ಕೈಹಾಕುತ್ತಿದ್ದರು.

ಕಳೆದ ತಿಂಗಳು ಗಜೇಂದ್ರಗಡದಲ್ಲಿ, ತಮ್ಮ ತಂಗಿಯ ಮನೆಯಲ್ಲಿ, ಅವರು ತೀರಿಕೊಂಡರು. ಅವರ ಫೋನಿನಲ್ಲಿ ಹೆಚ್ಚು ಸಲ ಹೊಡೆದ ನಂಬರು ನನ್ನದೇ ಇತ್ತಂತೆ. ಅದಕ್ಕೇ ತಂಗಿಯ ಮಗ ನನಗೆ ಹೇಳಿ ಕಳಿಸಿದ. ಮಣ್ಣಿಗೆ ಹೋದೆ. ಬಂದವರು ಬೆರಳೆಣಿಕೆಯ ಮಂದಿ. ಇಡೀ ತಾಲೂಕನ್ನು ಹಾಡಹಗಲಲ್ಲಿ ನಡುಗಿಸಿದ ಮನುಷ್ಯನಿಗೆ ಹೆಗಲು ಕೊಡಲು ಪಕ್ಕದ ಮನೆಯವರನ್ನು ಕರೆದು ತರಬೇಕಾಯಿತು. ನನಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬಂತು. ಯಾರ ಮೇಲೆ ಎಂಬುದು ಮಾತ್ರ ತಿಳಿಯಲಿಲ್ಲ.

ಕಾಕಾ ಎಂದರೆ ರಕ್ತಸಂಬಂಧವೇನಲ್ಲ, ನಾನು ಕರೆಯುತ್ತಿದ್ದುದು ಹಾಗೆ. ಅವರದು ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದುವ ಕೆಲಸ. ಹಳ್ಳಿಗಳಲ್ಲಿ ಎಲ್ಲರಿಗೂ ಅವರು "ಮೀಟರ್ ಸಾಹೇಬ್ರು". ಸುಡುಬಿಸಿಲಿನಲ್ಲಿ ಉರಿಯುವ ಟಾರ್ಚ್ ಹಿಡಿದುಕೊಂಡು ಓಣಿಯಲ್ಲಿ ಬರುತ್ತಿದ್ದ ಮನುಷ್ಯ ಅವರೊಬ್ಬರೇ. ಜೋಳದ ಚೀಲದ ಹಿಂದೆ, ದನ ಕಟ್ಟುವ ಅಂಕಣದ ಮೂಲೆಯಲ್ಲಿ ಅಡಗಿ ಕೂತ ಮೀಟರ್‌ಗಳನ್ನು ಓದಬೇಕಲ್ಲ. ಓದಿ ಹೊರಗೆ ಬಂದ ಮೇಲೆ ಟಾರ್ಚ್ ಆರಿಸುವುದನ್ನು ಮರೆಯುತ್ತಿದ್ದರು. ಓಣಿಯ ಹುಡುಗರು "ಸೂರ್ಯಾ ಕಾಣವಲ್ಲನೇನ್ರಿ ಸಾಹೇಬ್ರ" ಎಂದು ಚಾಷ್ಟಿ ಮಾಡುತ್ತಿದ್ದರು. ಅವರೂ ಮೇಲೆ ಟಾರ್ಚ್ ಬಿಟ್ಟು, "ಇದ್ದಾನ ಇದ್ದಾನ, ಅಲ್ಲೇ ಅದಾನ" ಎಂದು ಮುಂದಿನ ಮನೆಗೆ ಹೋಗುತ್ತಿದ್ದರು.

ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಕಾರಣ. ನನಗೆ ಹೇಳಿದ್ದು, "ಹೆಣ್ಣು ನೋಡಾಕ ಹೋದ ಮನ್ಯಾಗ ಮೊದಲ ಮೀಟರ್ ನೋಡಿದೆ, ಅವರಿಗೆ ಅದು ಸೇರಲಿಲ್ಲ." ಒಮ್ಮೆ ತಿದ್ದಿದ ಹಾಳೆ ಕೊಡಲು ಅವರ ಕೋಣೆಗೆ ಹೋಗಿದ್ದೆ. ದವಸದ ಅಂಗಡಿಗಳ ಹಿಂದೆ ಒಂದು ಬಾಡಿಗೆ ಕೋಣೆ. ಗೋಡೆಗೆ ಒಂದು ಗೂಟ, ಗೂಟಕ್ಕೆ ಒಂದು ಅಂಗಿ. ನನಗೆ ವಾಟಗದಲ್ಲಿ ಚಾ ಕೊಟ್ಟು ತಾವು ಡಬ್ಬಿಯ ಮುಚ್ಚಳದಲ್ಲಿ ಸುರುವಿಕೊಂಡು ಕುಡಿದರು, ಯಾಕೆಂದರೆ ಮನೆಯಲ್ಲಿದ್ದುದು ಅದೊಂದೇ ವಾಟಗ. "ಮಾತಾಡೋರು ಯಾರೂ ಇಲ್ಲ ನೋಡು ತಂಗಿ, ಅದಕ್ಕ ದೆವ್ವಾ ಕರಕೊಂಡು ಬಂದೇನಿ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಸಂಜೆ ನಾನು ಶಟರ್ ಎಳೆಯುವವರೆಗೂ ಅವರು ಅಂಗಡಿ ಬಿಟ್ಟು ಏಳದಿರುವುದು ಯಾಕೆಂದು ಅವತ್ತು ಅರ್ಥವಾಯಿತು.

ಇನ್ನು ಅವರ ಬರವಣಿಗೆ. ನಮ್ಮ ಊರಿನಿಂದ ಒಂದು ವಾರಪತ್ರಿಕೆ ಬರುತ್ತಿತ್ತು. ಅದರ ಪುಟಗಳನ್ನು ನಾನೇ ಕಟ್ಟುತ್ತಿದ್ದೆ. ಅದರ ಕೊನೆಯ ಪುಟದಲ್ಲಿ ಕಾಕಾನ ಧಾರಾವಾಹಿ. ಸಂಪಾದಕರು ಕತ್ತಲೆ ಎಂಬ ಅರ್ಥ ಬರುವ ಒಂದು ಕಾವ್ಯನಾಮ ಕೊಟ್ಟಿದ್ದರು. ಕಾಕಾಗೆ ಅದು ಒಂದಿಷ್ಟೂ ಸೇರಿರಲಿಲ್ಲ. ಸಂಪಾದಕರಿಗೆ ಕತೆಯಲ್ಲಿ ಸುಡುಗಾಡು ಬೇಕು, ಗೂಗೆ ಬೇಕು, ಹುಣಸೆಮರ ಬೇಕು. ಕಾಕಾ ಒಪ್ಪುತ್ತಿರಲಿಲ್ಲ.

"ನಮ್ಮ ಎರಿ ಹೊಲದಾಗ ಗಿಡ ಎಲ್ಲಿ ಅದಾವ್ರಿ ಸಾಹೇಬ್ರ? ಇರೂದ ನಾಕು ಜಾಲಿಕಂಟಿ. ಅದರ ಹಿಂದ ದೆವ್ವ ಅಡಗಿದ್ರ ಸೀರಿ ಸೆರಗು ಸಿಗಿಬೀಳ್ತೈತಿ. ನಮ್ಮ ದೆವ್ವ ದೂರಿಂದ ಕಾಣಬೇಕು. ಹೊಲದಾಗ ಹೆಣ್ಣಾಳು ಬಗ್ಗಿ ಕಸಾ ತಗೀತಾಳ, ಮ್ಯಾಲ ನೋಡ್ತಾಳ, ಅದು ಬರಾಕತ್ತೈತಿ. ಮತ್ತ ಬಗ್ಗತಾಳ, ಮತ್ತ ನೋಡ್ತಾಳ, ಇನ್ನೂ ಬರಾಕತ್ತೈತಿ. ಬಂದು ಮುಟ್ಟಿತಂದ್ರ ಅಂಜಿಕಿ ಮುಗೀತು."

ಯಾವಗಲ್ ಕಡೆಯ ಬಯಲನ್ನು ಏಪ್ರಿಲ್ ತಿಂಗಳಲ್ಲಿ ನೋಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಕಣ್ಣು ಹರಿಯುವವರೆಗೆ ಬಿರುಕುಬಿಟ್ಟ ಕರಿ ನೆಲ, ಮೇಲೆ ಕುದಿಯುವ ಗಾಳಿ, ಅದರಲ್ಲಿ ದೂರದ ಮನುಷ್ಯ ಕಾಲಿಲ್ಲದೆ ತೇಲಿ ಬರುವಂತೆ ಕಾಣುತ್ತಾನೆ. ಹತ್ತಿರ ಬಂದಾಗ ಅವನು ಪಕ್ಕದ ಮನೆಯ ಮಲ್ಲಪ್ಪನೇ ಇರಬಹುದು. ಆದರೂ ಬರುವವರೆಗೆ ನಮಗೆ ಅದು ಗ್ಯಾರಂಟಿ ಇರುವುದಿಲ್ಲ.

ರಜೆ ಸಿಕ್ಕರೆ ಕಾಕಾ ನರಗುಂದದ ಬಸ್ ಹತ್ತುತ್ತಿದ್ದರು. ಗುಡ್ಡ ಏರಿ, ಕೋಟೆಯ ಬಿದ್ದ ಗೋಡೆಗಳ ನಡುವೆ ತಿರುಗಾಡಿ, ಇಳಿದು ಬಂದು ಕಟ್ಟೆಯ ಮೇಲೆ ಕೂತ ಮುದುಕರ ಮಾತು ಕೇಳುತ್ತಿದ್ದರು. ಸಂಸ್ಥಾನ ಕಂಪನಿಯವರ ವಿರುದ್ಧ ಎದ್ದದ್ದು, ಕೋಟೆ ಬಿದ್ದದ್ದು, ಅರಮನೆಯ ಹೆಣ್ಣುಮಕ್ಕಳು ಮಲಪ್ರಭೆಯಲ್ಲಿ ಪ್ರಾಣ ಬಿಟ್ಟದ್ದು, ಇವೆಲ್ಲ ಅವರಿಗೆ ನಿನ್ನೆ ಮೊನ್ನೆ ನಡೆದಂತೆ ಬಾಯಲ್ಲಿರುತ್ತಿತ್ತು. ಒಂದು ಮಧ್ಯಾಹ್ನ ಬಂದವರೇ, "ತಂಗಿ, ಅರಮನಿ ಹೆಣ್ಣುಮಕ್ಕಳು ಹೊಳಿತನಕ ತಾವ ನೀರು ಹೊತಗೊಂಡು ಹೋಗಿದ್ರೇನು? ತಂಬಿಗಿ ಹಿಡದಾಕಿ ಒಬ್ಬಾಕಿ ಇರಬೇಕಲ್ಲ. ಆಕಿ ಎಲ್ಲಿ ಹೋದ್ಲು?" ಎಂದರು. ಇತಿಹಾಸದಲ್ಲಿ ಅಂಥವರ ಮಾತು ಬರುವುದಿಲ್ಲ ಎಂದೆ. "ಬರೂದಿಲ್ಲ ಹೌದು. ಆದ್ರ ಇರಬೇಕಲ್ಲ" ಎಂದು ಬರೆಯಲು ಕೂತರು. ಆ "ಇರಬೇಕಲ್ಲ" ಎಂಬುದು ಮೊದಲ ಕಂತು ಮುಗಿಯುವಷ್ಟರಲ್ಲಿ "ಇದ್ದಳು" ಎಂದಾಗಿತ್ತು.

ಕತೆ ಇಷ್ಟು. ಒಡತಿಯರು ಹೊಳೆಗೆ ಬಿದ್ದರು. ತಂಬಿಗೆ ಹಿಡಿದ ಹುಡುಗಿ ದಂಡೆಯ ಮೇಲೆ ಉಳಿದಳು. ಒಡತಿಯರ ಹೆಣ ತೇಲುವ ನೀರನ್ನು ಆಕೆ ಕುಡಿಯಲೊಲ್ಲಳು. ಎದುರಿಗೆ ತುಂಬಿದ ಹೊಳೆ ಇಟ್ಟುಕೊಂಡು ಬಾಯಾರಿ ಸತ್ತಳು. ಅಂದಿನಿಂದ ಮೆಣಸಗಿಯ ದಂಡೆಯಿಂದ ಎದ್ದು, ಬರಿ ತಂಬಿಗೆ ಹಿಡಿದು, ನಡುಮಧ್ಯಾಹ್ನ ಹೊಲಗಳನ್ನು ದಾಟಿಕೊಂಡು ಬರುತ್ತಾಳೆ, ಬಾಗಿಲಲ್ಲಿ ನಿಂತು ನೀರು ಕೇಳುತ್ತಾಳೆ. ನೀರು ಕೊಟ್ಟ ಮನೆಯ ಮಣ್ಣಿನ ಹರವಿಯಲ್ಲಿ ಸಂಜೆಗೆ ಹೊಳೆಯ ಕೆನ್ನೀರು ತುಂಬಿರುತ್ತದೆ. ಆ ಮನೆಯಲ್ಲಿ ಒಬ್ಬರಿಗೆ ಎಷ್ಟು ಕುಡಿದರೂ ಆರದ ಬಾಯಾರಿಕೆ ಹತ್ತಿ ಅವರನ್ನು ತೆಗೆದುಕೊಂಡೇ ಹೋಗುತ್ತದೆ. ಮೊದಲ ಸಲ ಟೈಪ್ ಮಾಡಿದ ದಿನ ನಾನು ಹಾಡಹಗಲಲ್ಲಿ ಶಟರ್ ಅರ್ಧ ಎಳೆದುಕೊಂಡು ಕೂತಿದ್ದೆ.

"ಸುಳ್ಳು ಪಲ್ಲೆದಾಗಿನ ಉಪ್ಪಿನಷ್ಟ ಇರಬೇಕು ತಂಗಿ" ಎನ್ನುತ್ತಿದ್ದರು. "ಉಳಿದದ್ದೆಲ್ಲಾ ಖರೇ ಹಾಕು. ಹೊಳಿ ಖರೇ, ಕ್ವಾಟಿ ಖರೇ, ಬಿಸಲು ಖರೇ. ಆಗ ಮಂದಿ ಉಪ್ಪನ್ನ ಹುಡುಕೂದಿಲ್ಲ."

ಖರೆಯ ಪೈಕಿ ಅವರು ಹಾಕಿದ ದೊಡ್ಡ ಖರೆ ಎಂದರೆ ನೀರು. ನಮ್ಮ ಕಡೆ ಮಧ್ಯಾಹ್ನ ಬಾಗಿಲಿಗೆ ಬಂದವರನ್ನು ನೀರು ಕೊಡದೆ ಕಳಿಸುವುದಿಲ್ಲ. ಜಾತಿ ನೋಡುವವರು ಮೇಲಿನಿಂದ ಬೊಗಸೆಗೆ ಹೊಯ್ಯುತ್ತಾರೆ, ನೋಡದವರು ತಂಬಿಗೆಯನ್ನೇ ಕೈಗಿಡುತ್ತಾರೆ, ಕೊಡುವುದಂತೂ ಕೊಡುತ್ತಾರೆ. ಕೆಲವು ಮನೆಯಲ್ಲಿ ಜೊತೆಗೆ ಬೆಲ್ಲದ ಚೂರು. ಕಾಕಾ ತಮ್ಮ ನೌಕರಿಯುದ್ದಕ್ಕೂ ಬದುಕಿದ್ದು ಈ ನೀರಿನ ಮೇಲೆ. ಯಾವ ಮನೆಯ ನೀರು ಸವಳು, ಯಾವ ಮನೆಯ ಹರವಿ ತಂಪು ಎಂದು ಊರಿಗೊಂದರಂತೆ ವರ್ಣಿಸುತ್ತಿದ್ದರು. ಅದನ್ನೇ ತಂದು ಅಂಜಿಕೆಯ ನಡುವೆ ಇಟ್ಟರು.

ದೆವ್ವದಿಂದ ಪಾರಾಗುವ ಉಪಾಯವೂ ಕತೆಯಲ್ಲಿ ಬೇಕಲ್ಲ. ಅದಕ್ಕೂ ಅವರು ಮಂತ್ರವಾದಿಯನ್ನು ಕರೆಸಲಿಲ್ಲ. ಒಂದು ಕಂತಿನಲ್ಲಿ ಹೊಸ್ತಿಲ ಒಳಗಿನ ಮುದುಕಿಯೊಬ್ಬಳು, ನಮ್ಮ ಹೆಂಗಸರು ಗಂಡನ ಹೆಸರನ್ನು ಪ್ರಾಸದ ಸಾಲಿನಲ್ಲಿ ಕಟ್ಟಿ ಹೇಳಿಸಿ ಹೊಸ ಸೊಸೆಯರನ್ನು ಕಾಡುವ ಹಾಗೆ, "ನೀರು ಕೊಡ್ತೇನವಾ, ಮೊದಲ ಗಂಡನ ಹೆಸರು ಹೇಳು, ಒಡಪು ಹಾಕಿ ಹೇಳು" ಎನ್ನುತ್ತಾಳೆ. ಬಂದವಳು ಮದುವೆಯಾಗುವ ಮೊದಲೇ ಸತ್ತವಳು. ಅವಳ ಬಾಯಲ್ಲಿ ಹೇಳಲು ಹೆಸರಿಲ್ಲ. ಸುಮ್ಮನೆ ನಿಲ್ಲುತ್ತಾಳೆ, ತಂಬಿಗೆ ಕೆಳಗಿಡುತ್ತಾಳೆ, ಹಿಂದಕ್ಕೆ ಹೋಗುತ್ತಾಳೆ. ಒಡಪಿನಿಂದ ದೆವ್ವವನ್ನು ಓಡಿಸಿದ್ದಕ್ಕೆ ಕಾಕಾಗೆ ಬಲು ಹೆಮ್ಮೆ. ನಾನೂ ಹೊಗಳಿದೆ. ಈಗಲೂ ಅದು ಒಳ್ಳೆಯ ಕಂತೇ ಎನ್ನುತ್ತೇನೆ.

ವಾರಪತ್ರಿಕೆ ಓದುವವರು ಎಷ್ಟು ಮಂದಿ? ನಿಜವಾದ ಗದ್ದಲ ಶುರುವಾದದ್ದು ಯಾರೋ ಒಬ್ಬರು ಆ ಕಂತುಗಳನ್ನು ಗಡಸು ದನಿಯಲ್ಲಿ ಓದಿ, ಹಿಂದೆ ಗಾಳಿಯ ಸದ್ದು ಹಾಕಿ, "ನಮ್ಮ ಭಾಗದಲ್ಲಿ ನಿಜವಾಗಿ ನಡೆದ ಘಟನೆ" ಎಂದು ವಾಟ್ಸಾಪ್‌ಗೆ ಬಿಟ್ಟ ಮೇಲೆ. ಅದರಲ್ಲಿ ಕತೆಗಾರನ ಹೆಸರೂ ಇಲ್ಲ, ಕಾವ್ಯನಾಮವೂ ಇಲ್ಲ. ಟ್ರ್ಯಾಕ್ಟರ್ ಹೊಡೆಯುವವರು, ಕಸ ತೆಗೆಯುವ ಹೆಣ್ಣಾಳುಗಳು, ಇಟಗಿಯ ಗುಡಿಗೆ ನಡೆದು ಹೋಗುವವರು ಎಲ್ಲರೂ ಕೇಳಿದರು. ಮೆಣಸಗಿಯ ಕಡೆ ಹೊಳೆ ಬಂದು ಊರೊಳಗೆ ನೀರು ಹೊಕ್ಕಿದ್ದನ್ನು ಕಂಡವರಿಗೆ ಹರವಿಯಲ್ಲಿ ಕೆನ್ನೀರು ಎಂದರೆ ಹೊಸದೇನಲ್ಲ. ನಂಬುವುದಕ್ಕೆ ಅವರಿಗೆ ಕಷ್ಟವೇ ಆಗಲಿಲ್ಲ.

ಮೀಟರ್ ಓದಲು ಹೋದ ಕಾಕಾನಿಗೇ ಒಬ್ಬ ಮುದುಕಿ ಆ ಕತೆ ಹೇಳಿದಳಂತೆ. "ನಮ್ಮ ಅತ್ತಿ ಕಣ್ಣಾರೆ ನೋಡಿದ್ಲ್ರಿ ಸಾಹೇಬ್ರ" ಎಂದು. ಅವತ್ತು ಅಂಗಡಿಗೆ ಬಂದಾಗ ಅವರ ಮುಖ ನೋಡಬೇಕಿತ್ತು, ಮೊಮ್ಮಗ ಹುಟ್ಟಿದವರ ಕಳೆ. "ನಾ ಹೋದ ವರ್ಷ ಬರದದ್ದನ್ನ ಆಕಿ ಅತ್ತಿ ಸಾಯೂಕಿಂತ ಮದ್ಲ ನೋಡ್ಯಾಳಂತ!" ನನಗೂ ಮಿರ್ಚಿ ಕೊಡಿಸಿದರು. ಅವರನ್ನು ಅಷ್ಟು ಖುಷಿಯಲ್ಲಿ ನಾನು ಮತ್ತೆ ನೋಡಲಿಲ್ಲ.

ಆ ಬೇಸಿಗೆಯಲ್ಲೇ ಬುಟ್ಟಿ ಹೊತ್ತ ಹೆಂಗಸೊಬ್ಬಳು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಬಂದು ಕೂತಳು. ಸೂಜಿ, ದಬ್ಬಣ, ಹಣಿಗೆ, ಟಿಕಳಿ ಮಾರುತ್ತ ಊರೂರು ನಡೆಯುವವಳು. ಆಗೀಗ ನನ್ನ ಅಂಗಡಿಗೂ ಬಂದು ಹೋದವಳು. ಕಾಕಾಗೆ ಗುರುತಿನವಳು, ಇಬ್ಬರದೂ ಮನೆಮನೆ ತಿರುಗುವ ಕೆಲಸವಾದ್ದರಿಂದ ಹಾದಿಯಲ್ಲಿ ಎದುರಾಗಿ, ಎದುರಾಗಿ ಮಾತು ಬೆಳೆದಿತ್ತು. ಗಂಡ ಕೂಲಿಗೆಂದು ಗೋವಾ ಕಡೆ ಹೋದವನು ಅಲ್ಲೇ ಇನ್ನೊಬ್ಬಳನ್ನು ಮಾಡಿಕೊಂಡಿದ್ದ. ಅವನ ಹೆಸರು ಇನ್ನು ಬಾಯಲ್ಲಿ ತರುವುದಿಲ್ಲ ಎಂದು ಆಕೆ ಆಣೆ ಮಾಡಿದ್ದಳು. ಅವತ್ತು ಆಕೆಯ ತುಟಿ ಒಡೆದು ರಕ್ತ ಬಂದಿತ್ತು, ಮೊಣಕೈ ತರಚಿತ್ತು. ಯಾವಗಲ್ಲಿನಲ್ಲಿ ತಲೆ ತಿರುಗಿ ಹಾದಿಯ ಮೇಲೆ ಬಿದ್ದು, ಯಾರದೋ ಟ್ರ್ಯಾಕ್ಟರ್‌ನವರು ದವಾಖಾನೆಗೆ ಹಾಕಿ, ಸಲಾಯಿನ್ ಏರಿಸಿಕೊಂಡು ನೇರ ಇಲ್ಲಿಗೆ ಬಂದಿದ್ದಳು.

"ಸಾಹೇಬ್ರ, ಆ ನೀರು ಬೇಡಾಕಿ ಯಾರ್ರಿ?" ಎಂದು ಕೇಳಿದಳು. "ನೀವು ಕಥೀ ಬರೀತೀರಂತ ಈ ಅಕ್ಕಾರು ಒಮ್ಮೆ ಹೇಳಿದ್ರು. ನೀವು ಹುಟ್ಟಿಸಿದಾಕೇನ್ರಿ?"

ಕಾಕಾ ಹೌದು ಎಂದರು.

"ಬಾಗಲಾ ಬಡದ್ರ ತಗೀವಲ್ರಿ. ಒಳಗಿಂದ ಒಡಪು ಹೇಳು ಅಂತಾರ. ನಾ ಏನ್ ಹೇಳಲಿ? ಆ ಹಾಟ್ಯಾನ ಹೆಸರು ಬಾಯಾಗ ಬಂದ್ರ ನನಗ ಉಗುಳಬೇಕನಸ್ತೈತಿ. ಸುಮ್ನ ನಿಂತ್ರ, ಆಕೀನ ಇಕಿ ಅಂತ ಕಿಟಕ್ಯಾಗಿಂದ ಉಪ್ಪು ಒಗೀತಾರ. ಇಷ್ಟು ವರ್ಷ ತಿರಗೇನಿ, ನೀರಿಗೆ ಯಾರೂ ಇಲ್ಲ ಅಂದಿದ್ದಿಲ್ರಿ. ಕೊಲ್ರಿ ಆಕಿನ್ನ."

"ಸತ್ತಾಕಿನ್ನ ಹ್ಯಾಂಗ ಕೊಲ್ಲಲಿ ಯವ್ವಾ?" ಎಂದರು ಕಾಕಾ. ಹುಡುಗಾಟಕ್ಕೆ ಅಂದದ್ದಲ್ಲ. ನಾನು ಆಕೆಗೆ ನೀರು ಕೊಟ್ಟೆ. ಆಕೆ ಎತ್ತಿದ ತಂಬಿಗೆ ಇಳಿಸದೆ ಕುಡಿಯುವುದನ್ನು ಅವರು ನೋಡುತ್ತಲೇ ನಿಂತಿದ್ದರು.

ಆಮೇಲಿನ ಒಂದೆರಡು ವರ್ಷ ಕಾಕಾ ಒಂದು ಸುಳ್ಳನ್ನು ವಾಪಸ್ ತೆಗೆದುಕೊಳ್ಳಲು ಪಟ್ಟ ಪಾಡು ಯಾವ ಶತ್ರುವಿಗೂ ಬೇಡ. ಮೊದಲು, ಮುಗಿಸಿದ ಧಾರಾವಾಹಿಗೆ ಇನ್ನೊಂದು ಕಂತು ಬರೆದರು: ಒಂದು ಮನೆಯಲ್ಲಿ ಸಣ್ಣ ಸೊಸೆ ಏನನ್ನೂ ಕೇಳದೆ ನೀರು ಕೊಡುತ್ತಾಳೆ, ಹುಡುಗಿ ಹೊಟ್ಟೆತುಂಬ ಕುಡಿದು, ಸಮಾಧಾನವಾಗಿ, ಮತ್ತೆ ಬರುವುದಿಲ್ಲ. ಅವರು ಬರೆದದ್ದರಲ್ಲೆಲ್ಲ ಅದೇ ಚಲೋ ಕಂತು. ಅದನ್ನು ಯಾರೂ ಗಡಸು ದನಿಯಲ್ಲಿ ಓದಲಿಲ್ಲ, ಯಾರಿಗೂ ಕಳಿಸಲಿಲ್ಲ. ಆಮೇಲೆ ದಪ್ಪ ಅಕ್ಷರದಲ್ಲಿ ಚೌಕಟ್ಟು ಹಾಕಿ, ಇವಳು ನಾನು ಕಲ್ಪಿಸಿದ ಪಾತ್ರ, ಮಧ್ಯಾಹ್ನ ಬಂದವರಿಗೆ ದಯವಿಟ್ಟು ನೀರು ಕೊಡಿ ಎಂದು ಪ್ರಕಟಣೆ ಕೊಟ್ಟರು. ಓದಿದವರು ಹೇಳಿದ್ದು ಒಂದೇ: "ಆಕೀನ ಇವರ ಕೈ ಹಿಡದು ಬರಸ್ಯಾಳ ನೋಡ್ರಿ. ಬಾಗಲಾ ತಗಸಾಕ."

ಇದಕ್ಕಿಂತ ಚಮತ್ಕಾರದ್ದು ನರಗುಂದದಲ್ಲಿ ನಡೆಯಿತು. ಕೆಲವು ತರುಣರು ಕೂಡಿ, ಇತಿಹಾಸ ಮರೆತ ಆ ವೀರ ಹುಡುಗಿಗೆ ಒಂದು ಮೂರ್ತಿ ಆಗಬೇಕು ಎಂದು ಸಭೆ ಕರೆದರು. ಅವಳನ್ನು ಬೆಳಕಿಗೆ ತಂದ ಲೇಖಕರೆಂದು ಕಾಕಾನನ್ನು ಕಾವ್ಯನಾಮದಿಂದ ಕರೆದು ಹಾರ ಹಾಕಿದರು. ಜೊತೆಗೆ ನಾನೂ ಹೋಗಿದ್ದೆ. ಕಾಕಾ ಎದ್ದು ನಿಂತು, "ತಪ್ಪು ತಿಳೀಬ್ಯಾಡ್ರಿ, ಆಕಿ ಇದ್ದಿಲ್ರಿ, ನಾ ಸುಳ್ಳು ಬರದೇನಿ" ಎಂದರು. ಹಿಂದಿನಿಂದ ಒಬ್ಬ ಎದ್ದ. "ಆಕಿ ಇದ್ದಿಲ್ಲ ಅನ್ನಾಕ ನಿಮ್ಮ ಹತ್ರ ಏನ್ ದಾಖಲೆ ಐತ್ರಿ?" ಬಡವರ ಮನೆಯ ಹುಡುಗಿ ಎಂದು ಈಗ ಅಡಗಿಸಲು ನೋಡುತ್ತೀರಾ ಎಂದು ಇನ್ನೊಬ್ಬ ಕೂಗಿದ. ಹಾರವನ್ನು ವಾಪಸ್ ತೆಗೆದುಕೊಳ್ಳಲಿಲ್ಲ ಎಂಬುದೊಂದೇ ಮರ್ಯಾದೆ.

ಬಸ್ಸಿನಲ್ಲಿ ಹಾರವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. "ನಾ ಖರೇ ಭಾಳ ಹಾಕಿಬಿಟ್ಟೆ ತಂಗಿ" ಎಂದರು. "ಬರೇ ಸುಳ್ಳು ಬರದಿದ್ರ ಮಂದಿ ಅಂಜಿ, ನಕ್ಕು, ಮರೀತಿದ್ರು. ಖರೇದ ಜೋಡಿ ಕಟ್ಟಿಬಿಟ್ಟೆ. ಈಗ ಅದನ್ನ ಬಿಚ್ಚಾಕ ಹೋದ್ರ ಹೊಳೀನೂ ಸುಳ್ಳು, ಕ್ವಾಟೀನೂ ಸುಳ್ಳು ಅಂದಂಗ ಆಗತೈತಿ." ಆ ವರ್ಷವೇ ನಿವೃತ್ತಿಯಾದರು. ಬರೆಯುವುದನ್ನೂ ಬಿಟ್ಟರು. ಅಂಗಡಿಗೆ ಬಂದು ಬರಿಗೈಯಲ್ಲಿ ಕೂರುತ್ತಿದ್ದರು. ಅದನ್ನು ನೋಡುವುದು ನನಗೆ ಕಷ್ಟವಾಗುತ್ತಿತ್ತು.

ಸೂಜಿ ಮಾರುವವಳಿಗೆ ಕೆಲಸ ಬಿಡುವ ಹಾಗಿರಲಿಲ್ಲ. ಎರಡು ಬಾಟಲಿ ನೀರು ಬುಟ್ಟಿಯಲ್ಲಿಟ್ಟರೆ ಸಾಮಾನಿಗೆ ಜಾಗವಿಲ್ಲ, ಕುತ್ತಿಗೆಯೂ ಕೇಳುವುದಿಲ್ಲ. ಮೇಲಾಗಿ ಹನ್ನೆರಡರೊಳಗೆ ಕಾದು ಬೆಂಕಿಯಾಗುತ್ತದೆ. ನಾನು ಬುದ್ಧಿವಂತಳ ಹಾಗೆ ಒಂದು ಉಪಾಯ ಹೇಳಿದೆ: "ಯಾವದರ ಒಂದು ಹೆಸರು ಹೇಳಿಬಿಡ, ಅವರಿಗೇನ್ ಗೊತ್ತಾಗತೈತಿ?"

ಆಕೆ ನನ್ನನ್ನು ದಿಟ್ಟಿಸಿ ನೋಡಿದಳು. "ಇಲ್ಲದವನ ಹೆಸರು ಹ್ಯಾಂಗ ಹೇಳಲ್ರಿ ಅಕ್ಕಾರ? ಇಲ್ಲದಾಕಿನ್ನ ಅದಾಳ ಅಂದದ್ದಕ್ಕ ಇಷ್ಟೆಲ್ಲಾ ಆಗೇತಿ. ಇರೂ ಮನಷಾನ ಹೆಸರು ಬೇಕು."

ಕಾಕಾ ಫ್ಯಾನಿನ ಕೆಳಗೆ ಕೂತಿದ್ದರು. ನೆಲ ನೋಡುತ್ತ, "ನಂದೊಂದು ಹೆಸರು ಐತ್ರಿ" ಎಂದರು. "ಖಾಲಿನ ಬಿದ್ದೈತಿ. ಯಾರೂ ಕರಿಯೂದಿಲ್ಲ ಅದನ್ನ. ನೀರಿಗಷ್ಟ ಬರ್ತಿದ್ರ ಒಯ್ರಿ."

ಅದು ಖರೆಯೇ. ಹಳ್ಳಿಗಳಲ್ಲಿ ಅವರು ಮೀಟರ್ ಸಾಹೇಬ್ರು, ಪತ್ರಿಕೆಯಲ್ಲಿ ಕತ್ತಲೆಯ ಕಾವ್ಯನಾಮ, ತಂಗಿಗೆ ಅಣ್ಣ, ಅವಳ ಮಗನಿಗೆ ಮಾಮಾ, ನನಗೆ ಕಾಕಾ. ಅಪ್ಪ ಅವ್ವ ಇಟ್ಟ ಹೆಸರು ನನಗೇ ಗೊತ್ತಿರಲಿಲ್ಲ. ಆಕೆ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ "ಏನ್ರಿ ಹೆಸರು?" ಎಂದಳು. ಅವರು ಹೇಳಿದರು.

ಹೆಸರಾಯಿತು, ಇನ್ನು ಒಡಪು ಬೇಕು. ದೆವ್ವ ಎಬ್ಬಿಸುವುದು ಸುಲಭ, ಒಡಪು ಕಟ್ಟುವುದು ಕಷ್ಟ ಎಂದು ಕಾಕಾಗೆ ಆಗ ಗೊತ್ತಾಯಿತು. "ನನ್ನ ಹೆಸರಿಗೆ ಪ್ರಾಸ ಸಿಗವಲ್ದು ತಂಗಿ. ಇಡೂಮುಂದ ನಮ್ಮಪ್ಪ ವಿಚಾರ ಮಾಡಿಲ್ಲ" ಎಂದು ಎರಡು ದಿನ ಒದ್ದಾಡಿದರು. ನಾನೂ ಗಂಡನ ಹೆಸರು ಒಡಪಿನಲ್ಲಿ ಹೇಳಿದವಳೇ ಆದ್ದರಿಂದ ಒಂದಿಷ್ಟು ದಾರಿ ತೋರಿಸಿದೆ. ಕಡೆಗೆ, "ಕರಿ ಎರಿಯಾಗ ಅರಳೇತಿ ಬಿಳೀ ಹತ್ತಿ" ಎಂದು ಮೊದಲ ಸಾಲು. ಮುಂದಿನ ಸಾಲಿನಲ್ಲಿ ಅವರ ಹೆಸರು ಬಂದು, ಅದು "ಹೇಳಾಕ ನನಗ್ಯಾತರ ಭೀತಿ" ಎಂದು ಮುಗಿಯುತ್ತಿತ್ತು. ಆಕೆಗೆ ಓದಲು ಬಾರದು. ಕಾಕಾ ಒಂದೊಂದೇ ಪದ ಹೇಳಿಕೊಟ್ಟರು. ಆಕೆ ಬುಟ್ಟಿಯ ಮೇಲೆ ಕೈಯಿಟ್ಟುಕೊಂಡು, ತಲೆಯ ಮೇಲೆ ಸೆರಗು ಹೊದ್ದು, ಪೂರ್ತಿ ಹೇಳಿದಳು. ಹೆಸರು ಬಂದ ಕೂಡಲೇ ಕಾಕಾ ಎದ್ದು ಹೊರಗೆ ಹೋಗಿ ಬಸ್‌ಸ್ಟ್ಯಾಂಡಿನ ಕಡೆ ಮುಖ ಮಾಡಿ ನಿಂತರು. ಆಕೆ ಹೋದ ಮೇಲೆ, "ನಮ್ಮವ್ವ ಸತ್ತಾಗಿಂದ ಆ ಹೆಸರು ಯಾರ ಬಾಯಾಗೂ ಕೇಳಿದ್ದಿಲ್ಲ" ಎಂದರು. ಕಣ್ಣು ಒರೆಸಿಕೊಂಡರು, ನನ್ನಿಂದ ಮುಚ್ಚಿಡಲೂ ಇಲ್ಲ.

ಯಾವಗಲ್ಲಿನಲ್ಲಿ ಬಾಗಿಲು ತೆರೆಯಿತು. ನೀರಿನ ಜೊತೆ ಬೆಲ್ಲವನ್ನೂ ಕೊಟ್ಟರಂತೆ. ಆಕೆ ಬಂದು ಅದನ್ನು ಹೇಳಿದ ದಿನ ಕಾಕಾ ಒಂದೊಂದನ್ನೂ ಕೆದಕಿ ಕೆದಕಿ ಕೇಳಿದರು: ಯಾವ ಮನೆ, ಹರವಿ ಎಲ್ಲಿತ್ತು, ನೀರು ತಂಪಿತ್ತೋ, ಹೆಸರು ಹೇಳಿದಾಗ ಒಳಗಿನವರು ಏನೆಂದರು. "ಚಲೋ ಹೆಸರೈತಿ ಅಂದ್ರು" ಎಂದಳು ಆಕೆ. ಹಳೆಯ ಒಡಪು ಸವೆಯಿತೆಂದು ಅವರು ಆಮೇಲೆ ಬೇರೆ ಬೇರೆ ಕಟ್ಟಿದರು. ಗಜೇಂದ್ರಗಡದ ಗುಡ್ಡದ ಮೇಲೆ ತಿರುಗುವ ಗಾಳಿಪಂಕಾ ಬಂತು ಒಂದರಲ್ಲಿ. ಅವರ ಹೆಸರು ಹೇಳಿದರೆ ಸವಳು ನೀರೂ ಸಿಹಿಯಾಗುತ್ತದೆ ಎಂದು ಆಕೆ ತಾನೇ ಅದಕ್ಕೆ ಸೇರಿಸಿದಳಂತೆ. ಇಡೀ ತಾಲೂಕಿಗೆ ಬರೆದವರು ಕೊನೆಗೆ ಒಬ್ಬಳಿಗಾಗಿ ಕಟ್ಟುತ್ತಿದ್ದರು, ಅದೂ ಹಾಳೆಯ ಮೇಲೆ ಅಲ್ಲ. ಅವರಿಬ್ಬರ ನಡುವೆ ಏನಿತ್ತು ಎಂದು ಕೆಲವರು ನನ್ನನ್ನು ಕೇಳಿದ್ದಾರೆ. ಆಕೆ ಮೆಟ್ಟಿಲ ಮೇಲೆ ಕೂರುತ್ತಿದ್ದಳು, ಅವರು ಒಳಗೆ ಕೂರುತ್ತಿದ್ದರು. ನಡುವೆ ನನ್ನ ಪ್ರಿಂಟರ್ ಇತ್ತು.

ಮಣ್ಣು ಮುಗಿಸಿ ಬಂದ ವಾರ ಆಕೆ ಬಂದಳು. ಬುಟ್ಟಿ ಇಳಿಸಿ, ಒಳಗೆ ಇಣುಕಿ, "ಸಾಹೇಬ್ರು ಬಂದಿಲ್ಲೇನ್ರಿ? ಹೊಸಾದು ಕಟ್ಟೇನಿ, ಬಾ ಅಂದಿದ್ರು" ಎಂದಳು. ನಾನು ಮೊದಲು ನೀರು ಕೊಟ್ಟೆ. ಕುಡಿದ ಮೇಲೆ ಹೇಳಿದೆ. ಆಕೆ ಅಳಲಿಲ್ಲ. ತಂಬಿಗೆಯನ್ನು ಸೆರಗಿನಿಂದ ಒರೆಸಿದಳು, ಇನ್ನೊಮ್ಮೆ ಒರೆಸಿದಳು, ಮತ್ತೆ ಒರೆಸುತ್ತಲೇ ಕೂತಳು.

"ಯಾವಗಲ್ಲಿನ್ಯಾಗ ಗೊತ್ತೈತೇನ್ರಿ?" ಎಂದು ಕೇಳಿದಳು.

"ಮೀಟರ್ ಸಾಹೇಬ್ರು ಹೋದ್ರಂತ ಗೊತ್ತಿದ್ದೀತು. ಹೆಸರು ಯಾರಿಗೆ ಗೊತ್ತು?"

"ಹಂಗಾರ ಹೇಳಬ್ಯಾಡ್ರಿ. ಹೋದವ್ರ ಹೆಸರಿಗೆ ಒಡಪು ಹೇಳಿಸೂದಿಲ್ಲ ಯಾರೂ." ತನಗೆ ತಾನೇ ಎಂಬಂತೆ, "ಇದ್ರಲ್ರೀ ಅವ್ರು. ಇಲ್ಲದವ್ರ ಹೆಸರೇನ್ ಅಲ್ಲಲ್ಲ" ಎಂದಳು. ಅವರ ಬಗ್ಗೆ ಬರೆಯಬೇಕೆಂದಿದ್ದೇನೆ ಎಂದೆ. "ಬರೀರಿ. ಹೆಸರ ಮಾತ್ರ ಹಾಕಬ್ಯಾಡ್ರಿ ಅಕ್ಕಾರ, ಬ್ಯಾಸಗಿ ಬಂತು" ಎಂದು ಬುಟ್ಟಿ ಎತ್ತಿಕೊಂಡಳು. ತಲೆಗೆ ಏರಿಸಲು ನಾನು ಒಂದು ಕೈ ಕೊಟ್ಟೆ.

ಅದಕ್ಕೇ ಇಲ್ಲಿ ಊರುಗಳ ಹೆಸರನ್ನು ಅದಲುಬದಲು ಮಾಡಿದ್ದೇನೆ. ಆಕೆಯ ಬುಟ್ಟಿಯಲ್ಲಿ ಇರುವುದು ಸೂಜಿಯೂ ಅಲ್ಲ, ಹಣಿಗೆಯೂ ಅಲ್ಲ. ಒಡಪುಗಳನ್ನೂ ಒಂದಿಷ್ಟು ತಿರುಗಿಸಿದ್ದೇನೆ. ಕಾಕಾನ ಹೆಸರು ತಿಳಿಯಲೇಬೇಕು ಎನ್ನುವವರು ಮಧ್ಯಾಹ್ನ ಬಾಗಿಲು ತೆರೆದಿಟ್ಟುಕೊಂಡು ಕೂರಿ. ಬಂದವಳಿಗೆ ಮೊದಲು ನೀರು ಕೊಡಿ. ಹೆಸರನ್ನು ಆಮೇಲೆ ಆಕೆಯೇ ಹೇಳುತ್ತಾಳೆ.